ಎಂಟಲ್ಲ, ಹದಿಮೂರು

ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಟೈಲರಮ್ಮ ಫೋನನ್ನು ಹೊಲಿಗೆ ಮಷೀನಿಗೆ ಒರಗಿಸಿ, ಕುರ್ಚಿಯನ್ನು ಗೋಡೆಗೆ ತಾಗಿಸಿ, ಮೂರನೆಯ ಸಲ ತಲೆ ಬಾಚಿಕೊಂಡರು.

"ಮಂಡಿ ನೋವಿನ ಕ್ಲಾಸಿಗೆ ಇಷ್ಟೊಂದು ಅಲಂಕಾರ ಬೇಕಾ ಅಕ್ಕಾ?" ಎಂದು ತಂಗಿ ಬಾಗಿಲಲ್ಲಿ ನಿಂತು ಕೆಣಕಿದಳು. ಅಕ್ಕ ಬಾಚಣಿಗೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

ಫೋನಿನ ವಿಡಿಯೋದಲ್ಲಿ ನಡೆಯುವ ಈ ಕ್ಲಾಸಿಗೆ ಇವತ್ತು ಹನ್ನೆರಡನೆಯ ವಾರ. ಫಿಸಿಯೋ ಹುಡುಗಿ ಎಂದಿನಂತೆ ಕೇಳುತ್ತಾಳೆ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು. ಮೂರಕ್ಕಿಂತ ಕೆಳಗಿಳಿದವರಿಗೆ ಕ್ಲಾಸ್ ಮುಗಿದಂತೆ. ಟೈಲರಮ್ಮನ ನೋವು ಎರಡಕ್ಕೆ ಇಳಿದು ತಿಂಗಳಾಗಿತ್ತು. ಆದರೂ ಏಳು ಎನ್ನುತ್ತಲೇ ಬಂದಿದ್ದರು. ನಲವತ್ತು ವರ್ಷ ಊರಿನವರ ಅಳತೆ ತೆಗೆದು ಒಂದಿಂಚೂ ತಪ್ಪದವರು, ತಮ್ಮ ಮಂಡಿಯ ವಿಷಯದಲ್ಲಿ ಮಾತ್ರ ತಪ್ಪು ಅಳತೆ ಕೊಟ್ಟಿದ್ದರು.

ಕಾರಣ ಪರದೆಯಲ್ಲಿ ಪಕ್ಕದ ಚೌಕದಲ್ಲೇ ಕೂರುತ್ತಿತ್ತು. ಅವರು ನಿವೃತ್ತ ಬಸ್ ಕಂಡಕ್ಟರ್, ಎರಡೂ ಮಂಡಿ ಸವೆದವರು, ಫಿಸಿಯೋಳ ಕ್ಲಿನಿಕ್ ಎದುರಿನ ಲಿಫ್ಟಿಲ್ಲದ ಹಳದಿ ಕಟ್ಟಡದ ಮೇಲಂತಸ್ತಿನಲ್ಲಿ ಒಂಟಿಯಾಗಿರುವವರು. ಎಂಟು ಜನರನ್ನು ಒಬ್ಬಳೇ ನೋಡಲಾಗದೆ ಫಿಸಿಯೋ ಜೋಡಿ ಮಾಡಿ, ವಿಡಿಯೋದಲ್ಲೇ ಬೇರೆ ಬೇರೆ ರೂಮಿಗೆ ಕಳಿಸುತ್ತಿದ್ದಳು. ಅರ್ಧ ನಿಮಿಷದಲ್ಲಿ ಜೋಡಿಯವರು ಕುರ್ಚಿಯಿಂದ ಎಷ್ಟು ಸಲ ಎದ್ದರು ಎಂದು ಎಣಿಸಿ ಹೇಳಬೇಕು. ಎಣಿಸಿ ಮಿಕ್ಕ ನಾಲ್ಕು ನಿಮಿಷಕ್ಕಾಗಿ ಟೈಲರಮ್ಮ ವಾರವಿಡೀ ಕಾಯುತ್ತಿದ್ದರು.

ಅಂಥ ಒಂದು ನಾಲ್ಕು ನಿಮಿಷದಲ್ಲೇ ಕಂಡಕ್ಟರ್ ಅಂಗಿಯ ತೋಳಿನ ಗುಂಡಿ ಬಿದ್ದುಹೋಗಿರುವುದು ಕಂಡಿತ್ತು. ಹೊಲಿದುಕೊಳ್ಳಬಾರದೇ ಎಂದದ್ದಕ್ಕೆ ಅವರು ತುಟಿಯಂಚಿನಲ್ಲಿ ನಕ್ಕಿದ್ದರು. "ಹೊಲ್ಕೊಂಡ್ರೆ ನೀವು ಈ ಕಡೆ ನೋಡೋದು ಬಿಟ್ಬಿಡ್ತೀರಿ." ತಮ್ಮ ಮನೆಗೆ ಮೂವತ್ನಾಲ್ಕು ಮೆಟ್ಟಿಲು ಎಂದೂ ಅವತ್ತೇ ಹೇಳಿದ್ದರು.

ಆದರೆ ಟೈಲರಮ್ಮ ಎಷ್ಟು ಸಲ ಎದ್ದರೆಂದು ಐದು ವಾರದಿಂದ ಕಂಡಕ್ಟರ್ ಹೇಳುತ್ತಿದ್ದ ಲೆಕ್ಕ ಎಂಟನ್ನು ದಾಟಿರಲಿಲ್ಲ. ಅವರ ಮುಖ ನೋಡುತ್ತಾ ಏಳುವ ಟೈಲರಮ್ಮನಿಗೆ ಸ್ವಂತ ಲೆಕ್ಕ ನೆನಪಿರುತ್ತಿರಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸುಳ್ಳು ಹೇಳಿದ್ದಕ್ಕೆ ಮಂಡಿ ನಿಜವಾಗಿಯೂ ಕೆಡುತ್ತಿದೆಯೇನೋ ಎಂಬ ಭಯ ಶುರುವಾಗಿತ್ತು.

ಹನ್ನೊಂದಕ್ಕೆ ಕ್ಲಾಸ್ ಶುರುವಾಗಿ, ಜೋಡಿಗಳೆಲ್ಲ ರೂಮಿನಿಂದ ಮರಳಿದಾಗ ಇವತ್ತೂ ಕಂಡಕ್ಟರ್ ಹೇಳಿದ್ದು ಎಂಟೇ. ನೋವು ಏಳು ಎಂದರು ಟೈಲರಮ್ಮ. ಫಿಸಿಯೋ ಹಳೆಯ ನಂಬರುಗಳನ್ನೆಲ್ಲ ತಿರುವಿ ನೋಡಿದಳು.

"ಇನ್ನು ಕಾಯೋದು ಬೇಡಮ್ಮ. ಸರ್ಜನ್‌ಗೆ ಕಾಗದ ಬರೀತೀನಿ. ಮಂಡಿ ಬದಲಾಯಿಸೋದೇ ಒಳ್ಳೇದೇನೋ."

ನಿಜ ಹೇಳಿದರೆ ಈ ಚೌಕ ಇವತ್ತಿಗೇ ಮುಚ್ಚುತ್ತದೆ, ಹೇಳದಿದ್ದರೆ ನೆಟ್ಟಗಿರುವ ಮಂಡಿಗೆ ಕತ್ತಿ. ಟೈಲರಮ್ಮ ಮಷೀನಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು.

"ಎಂಟಲ್ಲ ಮೇಡಂ, ಹದಿಮೂರು."

ಕಂಡಕ್ಟರ್ ತಲೆ ತಗ್ಗಿಸಿದ್ದರು. ತುಂಬಿದ ಬಸ್ಸಿನಲ್ಲಿ ಮೂವತ್ತೈದು ವರ್ಷ ತಲೆ ಎಣಿಸಿದವನಿಗೆ ಲೆಕ್ಕ ತಪ್ಪುವುದಿಲ್ಲ, ಬೇಕೆಂದೇ ತಪ್ಪು ಹೇಳಿದೆ ಎಂದರು. ಯಾಕೆ ಎಂದು ಫಿಸಿಯೋ ಕೇಳಿದಳು.

"ಅವರಿಗೆ ವಾಸಿ ಆದ್ರೆ ಹೊರಟುಹೋಗ್ತಾರೆ. ನಾನು ಇಲ್ಲೇ ಉಳೀತೀನಿ. ಅದನ್ನ ನೆನೆಸ್ಕೊಂಡ್ರೇ ಸಂಕಟ ಆಗ್ತಿತ್ತು."

ಉಳಿದ ಆರು ಚೌಕಗಳವರೂ ಪರದೆಯ ಹತ್ತಿರಕ್ಕೆ ಬಾಗಿದರು.

"ನಂದೂ ಏಳಲ್ಲ," ಎಂದರು ಟೈಲರಮ್ಮ. "ಎರಡು. ಒಂದು ತಿಂಗಳಿಂದ ಎರಡೇ."

ಫಿಸಿಯೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಇಬ್ಬರಿಗೂ ಚೆನ್ನಾಗಿ ಬೈದಳು. ನಿಯಮ ನಿಯಮವೇ, ಟೈಲರಮ್ಮನ ಕ್ಲಾಸ್ ಮುಗಿಯಿತು ಎಂದಳು. ಪರದೆ ಕಪ್ಪಾಯಿತು.

ಅಳು ಬಂತು. ಒಂದಷ್ಟು ಹೊತ್ತು ಅತ್ತರು. ಆಮೇಲೆ ಕುರ್ಚಿ ಹಿಡಿಯದೆ ಎದ್ದು, ಗುಂಡಿ ಡಬ್ಬಿ, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡರು. ಎಲ್ಲಿಗೆ ಎಂದ ತಂಗಿಗೆ, ಎಣಿಸುವುದಕ್ಕೆ ಎಂದಷ್ಟೇ ಹೇಳಿದರು.

ಹಳದಿ ಕಟ್ಟಡದ ಇಪ್ಪತ್ತನೆಯ ಮೆಟ್ಟಿಲಲ್ಲಿ ಕಾಲು ನಿಂತಿತು. ನೋವಿಗಲ್ಲ, ಹೆದರಿಕೆಗೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು, ಅವರೇ ನಕ್ಕುಬಿಟ್ಟರೆ? ಕಂಬಿ ಹಿಡಿದು ಹತ್ತಿದರು. ಮೂವತ್ನಾಲ್ಕಾದರೂ ಮೆಟ್ಟಿಲು ಮುಗಿಯಲಿಲ್ಲ.

ತಟ್ಟುವ ಮೊದಲೇ ಬಾಗಿಲು ತೆರೆಯಿತು. ಗೋಡೆ ಹಿಡಿದು ನಿಂತಿದ್ದ ಕಂಡಕ್ಟರ್ ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರವಿದ್ದರು. ಕಣ್ಣು ಒದ್ದೆಯಾಗಿತ್ತು.

"ಮೂವತ್ತಾರಿದೆ," ಎಂದರು ಟೈಲರಮ್ಮ ಏದುಸಿರಿನಲ್ಲಿ. "ಇಲ್ಲೂ ಸುಳ್ಳು ಲೆಕ್ಕಾನಾ?"

"ಜಾಸ್ತಿ ಅಂದ್ರೆ ಎಲ್ಲಿ ನೀವು ಬರೋದೇ ಇಲ್ವೋ ಅಂತ ಭಯ ಆಯ್ತು."

ಅವರನ್ನು ಕುರ್ಚಿಯಲ್ಲಿ ಕೂರಿಸಿ ಟೈಲರಮ್ಮ ಸೂಜಿಗೆ ದಾರ ಪೋಣಿಸಲು ಹೊರಟರು. ಎರಡು ಸಲ ತಪ್ಪಿತು. ಮೂರನೆಯ ಸಲ ಕಂಡಕ್ಟರ್ ಆ ಕೈ ಹಿಡಿದುಕೊಂಡರು.

"ನೋವು ಎಷ್ಟಿದೆ? ನಿಜ ಹೇಳಿ," ಎಂದು ಟೈಲರಮ್ಮ ಕೇಳಿದರು.

"ಐದು. ನಿಜವಾಗ್ಲೂ."

"ಸರಿ, ಗುಂಡಿ ಹಾಕಿದ ಮೇಲೆ ಹತ್ತು ಸಲ ಎದ್ದು ಕೂರಬೇಕು. ದಿನಾ ನಾನೇ ಬಂದು ಎಣಿಸ್ತೀನಿ," ಎಂದು ಟೈಲರಮ್ಮ ತೋಳನ್ನು ಹತ್ತಿರಕ್ಕೆ ಎಳೆದುಕೊಂಡರು.