ಆಣೆಗೆ ಐದು ಬಂಗುಡೆ

ಬಣಕಲ್ಲಿನ ವಿಶಾಲಾಕ್ಷಮ್ಮನವರು ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಆದರೂ ಕರಾವಳಿಯ ಮೀನು ಘಟ್ಟ ಹತ್ತಿ ಬಂದು ಯಾವ ಊರಿನಲ್ಲಿ ಏನು ದರಕ್ಕೆ ಹೋಯಿತು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಬಂಗುಡೆ ಕೊಂಡವರೆಲ್ಲ ಹುಣಿಸೆಹಣ್ಣಿಗೆ, ಮೆಣಸಿನಕಾಯಿಗೆ ಅವರ ಅಂಗಡಿಗೇ ಬರಬೇಕಲ್ಲ! ಊರಿನಲ್ಲಿ ಏನಾದರೂ ಕಳುವಾದರೆ ಪೊಲೀಸರಿಗಿಂತ ಮೊದಲು ಜನ ಓಡುತ್ತಿದ್ದುದೂ ಅಲ್ಲಿಗೇ. ಆ ಅಂಗಡಿಯ ಜಗಲಿಯಲ್ಲಿ ದಿನವಿಡೀ ಕೂತಿರುತ್ತಿದ್ದ ಹಳೇ ಮೇಸ್ತ್ರಿ ಬೆಳ್ಳಿಯಪ್ಪನನ್ನು ಕೇಳಿದರೆ, ಅಂಥ ತಲೆ ಮೈಸೂರು ಸೀಮೆಯಲ್ಲೇ ಇನ್ನೊಂದಿರಲಿಲ್ಲ.

೧೯೩೮ರ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಅಣ್ಣಮ್ಮ ಅಳುತ್ತಾ ಅಂಗಡಿಗೆ ಬಂದಳು. ಅವಳ ಗಂಡ ಮಾರಯ್ಯ ಗಂಗಾಧರಪ್ಪನವರ ಎಸ್ಟೇಟಿನಲ್ಲಿ ಕಾಫಿ ಗೋದಾಮಿನ ಕಾವಲುಗಾರ.

"ಅಮ್ಮಾ, ನಿನ್ನೆ ಗೋಡೌನಿಂದ ಎರಡು ಮೂಟೆ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಹೋಗಿದೆ. ಬೀಗ ಒಡೆದಿಲ್ಲ. ಧಣಿಗಳು ಕೂಲಿ ಲೈನಿನೋರೆಲ್ಲರ ಎದುರಿಗೆ ನಮ್ಮೋರನ್ನ ಕಳ್ಳ ಅಂದ್ಬಿಟ್ರು. ನಾಳೆ ಪೊಲೀಸಿಗೆ ಕೊಡ್ತಾರಂತೆ. ಇಪ್ಪತ್ತು ವರ್ಷ ಕಾದ ಮನುಷ್ಯ ಅಮ್ಮಾ!"

"ಅಳ್ಬೇಡ. ಬೀಗದ ಕೈ ಎಷ್ಟಿದಾವೆ?"

"ಎರಡು. ಒಂದು ಇವರ ಹತ್ರ, ಇನ್ನೊಂದು ಲೆಕ್ಕ ಬರೆಯೋ ರೈಟರ್ ಲಕ್ಕಯ್ಯನೋರ ಹತ್ರ. ಅವ್ರು ನಿನ್ನೆ ಬೆಳಿಗ್ಗೆನೇ ಅದನ್ನ ಜೇಬಲ್ಲಿಟ್ಕೊಂಡು ಮೂಡಿಗೆರೆಗೆ ಹೋಗಿದ್ರು. ಮಧ್ಯಾಹ್ನ ಬಂದಿದ್ದು."

"ಮಾರಯ್ಯ ಗೋಡೌನು ಬಿಟ್ಟು ಹೋಗಿದ್ನಾ?"

"ಒಂಬತ್ತಕ್ಕೆ ಗಂಜಿ ಕುಡಿಯೋಕೆ ಬಂದಿದ್ರು, ದಿನಾ ಬರೋ ಹಂಗೆ. ಹನ್ನೆರಡಕ್ಕೆ ಧಣಿಗಳು ನೋಡಿದ್ರೆ ಎರಡು ಮೂಟೆ ಕಮ್ಮಿ."

ಬೆಳ್ಳಿಯಪ್ಪ ತಲೆ ಕೆರೆದುಕೊಂಡ. ಲಕ್ಕಯ್ಯ ಮೂಡಿಗೆರೆಯಲ್ಲಿದ್ದದ್ದು ನಿಜವಾದರೆ ಮಾರಯ್ಯನ ಕತೆ ಮುಗಿದಂತೆಯೇ.

"ಅವ್ನು ಮೂಡಿಗೆರೆಗೆ ಹೋಗಿದ್ದು ನಿಜ ಅಮ್ಮಾವ್ರೇ," ಎಂದ. "ನಿನ್ನೆ ಮಧ್ಯಾಹ್ನ ಎಸ್ಟೇಟ್ ಗೇಟಲ್ಲಿ ಸಿಕ್ಕಿದ್ದ. ಅಲ್ಲಿಂದ ತಂದ ಬಂಗುಡೇಲಿ ನಂಗೂ ನಾಲ್ಕು ಕೊಟ್ಟ."

ವಿಶಾಲಾಕ್ಷಮ್ಮನವರು ತಕ್ಕಡಿ ಕೆಳಗಿಟ್ಟರು. "ಆಣೆಗೆ ಎಷ್ಟು ಅಂತ ಕೇಳಿದ್ಯಾ?"

"ಕೇಳದೇ ಬಿಡ್ತೀನಾ?"

ಮೀನು ಹಿಡಿದು ಬರುವವನು ಎದುರಾದರೆ ಆ ಸೀಮೆಯಲ್ಲಿ ಯೋಗಕ್ಷೇಮಕ್ಕಿಂತ ಮೊದಲು ಕೇಳುವುದೇ ಅದನ್ನು. ಅಗ್ಗಕ್ಕೆ ತಂದವನಂತೂ ಹೇಳದೆ ಇರಲಾರ.

"ಆಣೆಗೆ ಐದು ಅಂದ. ಚೌಕಾಸಿ ಮಾಡಿದೆ ಅಂತ ಮೀಸೆ ಬೇರೆ ತಿರುವಿದ!"

"ಹುಣಿಸೆಹಣ್ಣಿಗೆ ನಿಮ್ಮನೆಯೋರು ನಿನ್ನೆ ಬರ್ಲೇ ಇಲ್ವಲ್ಲ?"

"ಅದಕ್ಕೆಂಥ ಹುಣಿಸೆಹಣ್ಣು! ಕಣ್ಣು ಹೊಳೀತಿತ್ತು, ಮೈ ಗಟ್ಟಿ. ಬರೀ ಉಪ್ಪು ಕಾರ ಸವರಿ ಕೆಂಡದ ಮೇಲೆ ಸುಟ್ಟು ತಿಂದೆ. ಆಹಾ!"

"ನೀನು ತಿಂದಿದ್ದು ಒಳ್ಳೇದೇ ಆಯ್ತು ಮಾರಾಯ. ಈಗಿನ ಬಸ್ಸಿಗೆ ಕೊಟ್ಟಿಗೆಹಾರಕ್ಕೆ ಹೋಗು. ಅಲ್ಲಿ ಮೀನು ಮಾರೋ ಪಾಪಮ್ಮನ್ನ ಕರ್ಕೊಂಡು ಬಾ."

ತಾನು ಮೀನು ತಿಂದದ್ದಕ್ಕೂ ಮಾರಯ್ಯನ ಮಾನಕ್ಕೂ ಎತ್ತಣ ಸಂಬಂಧ? ಬೆಳ್ಳಿಯಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಅಮ್ಮಾವ್ರು ಹೇಳಿದ ಮೇಲೆ ಎರಡು ಮಾತುಂಟೇ ಎಂದುಕೊಂಡು ಬಸ್ಸು ಹತ್ತಿದ.

ಮಧ್ಯಾಹ್ನ ವಿಶಾಲಾಕ್ಷಮ್ಮನವರು ಎಸ್ಟೇಟಿಗೇ ಹೋದರು. ಕಾಫಿ ಒಣಗಿಸುವ ಕಣದಲ್ಲಿ ಧಣಿ ಗಂಗಾಧರಪ್ಪ, ರೈಟರ್ ಲಕ್ಕಯ್ಯ, ಮಾರಯ್ಯ ದಂಪತಿ ಸೇರಿದರು. ಬೆಳ್ಳಿಯಪ್ಪ ಪಾಪಮ್ಮನನ್ನು ಗೋದಾಮಿನ ಹಿಂದೆ ನಿಲ್ಲಿಸಿ ಬಂದ.

"ಗಂಗಾಧರಪ್ಪನೋರೇ, ನಾನೂ ನೀವೂ ಮೀನು ತಿನ್ನೋರಲ್ಲ. ಅದಕ್ಕೇ ಈ ಕಳ್ಳ ನಿಮ್ಮ ಕಣ್ಣಿಗೆ ಬೀಳಲಿಲ್ಲ," ಎಂದು ವಿಶಾಲಾಕ್ಷಮ್ಮನವರು ಶುರು ಮಾಡಿದರು. "ಮೀನು ಹೊತ್ತ ಬಸ್ಸು ಘಟ್ಟ ಹತ್ತಿ ಮೊದಲು ನಿಲ್ಲೋದು ಕೊಟ್ಟಿಗೆಹಾರದಲ್ಲಿ. ನಿನ್ನೆ ಅಲ್ಲಿ ಬಂಗುಡೆ ಆಣೆಗೆ ಐದು. ನಮ್ಮ ಬಣಕಲ್ಲಲ್ಲಿ ನಾಲ್ಕು. ಮೂಡಿಗೆರೇಲಿ ಮೂರು. ಆಲ್ದೂರು ಮುಟ್ಟೋ ಹೊತ್ತಿಗೆ ಎರಡು, ಅದರಲ್ಲೂ ಒಂದು ಬೆಕ್ಕಿಗೆ! ಲಕ್ಕಯ್ಯನೋರು ಮೂಡಿಗೆರೇಲಿ ಆಣೆಗೆ ಐದು ತಂದ್ರಂತೆ. ಹೇಗೆ?"

ಲಕ್ಕಯ್ಯ ನಕ್ಕ. "ಹಿಂದಿನ ದಿನದ ಮೀನು, ಅದಕ್ಕೇ ಅಗ್ಗ."

"ಹಳೇ ಮೀನಾದ್ರೆ ವಾಸನೆ ಮುಚ್ಚೋಕೆ ನನ್ನಂಗಡಿ ಹುಣಿಸೆಹಣ್ಣು ಇಮ್ಮಡಿ ಖರ್ಚಾಗುತ್ತೆ. ಬೆಳ್ಳಿಯಪ್ಪ ಬರೀ ಉಪ್ಪು ಕಾರ ಹಚ್ಚಿ ಸುಟ್ಟು ತಿಂದ. ಹೊಸಾ ಮೀನು, ಅದೂ ಆಣೆಗೆ ಐದು, ನಿನ್ನೆ ಸಿಕ್ಕಿದ್ದು ಒಂದೇ ಊರಲ್ಲಿ. ನೀವು ಮೂಡಿಗೆರೆ ದಾರಿ ಹಿಡೀಲೇ ಇಲ್ಲ. ಮಾರಯ್ಯ ಗಂಜಿಗೆ ಹೋದಾಗ ನಿಮ್ಮ ಬೀಗದ ಕೈಯಲ್ಲಿ ಗೋಡೌನು ತೆಗೆದು, ಎದುರು ದಿಕ್ಕಿಗೆ, ಕೊಟ್ಟಿಗೆಹಾರಕ್ಕೆ ಮೂಟೆ ಸಾಗಿಸಿದ್ರಿ. ಪಾಪಮ್ಮಾ, ಬಾ ಇಲ್ಲಿ."

ಪಾಪಮ್ಮ ಬಂದವಳೇ ಸೊಂಟದ ಮೇಲೆ ಕೈಯಿಟ್ಟಳು. "ಅಯ್ಯೋ, ಇವ್ರೇ! ಗಾಡಿಯಿಂದ ಎರಡು ಮೂಟೆ ಇಳಿಸಿ ಘಟ್ಟ ಇಳಿಯೋ ಲಾರಿಗೆ ಹಾಕಿಸಿದ್ರು. ಆಮೇಲೆ ನನ್ನ ಹತ್ರ ಆಣೆಗೆ ಆರು ಕೊಡು ಅಂತ ಒಂದು ಗಳಿಗೆ ಜಗಳ!"

ಲಕ್ಕಯ್ಯ ಧಣಿಯ ಕಾಲಿಗೆ ಬಿದ್ದ. ಬೆಳ್ಳಿಯಪ್ಪನಿಗೆ ಮೈಯೆಲ್ಲ ಹಿಗ್ಗು. ಮೀನು ತಿಂದವನು ತಾನು, ಅದರೊಳಗಿನ ಕಳ್ಳನನ್ನು ಹಿಡಿದವರು ಮೀನಿನ ರುಚಿಯನ್ನೇ ಕಾಣದ ಈ ತಾಯಿ! ಅಲ್ಲೇ ಅವರಿಗೆ ಕೈಮುಗಿದುಬಿಟ್ಟ.

"ಮಾರಯ್ಯ, ಆಗಿದ್ದು ಆಯ್ತು. ನಾಳೆಯಿಂದ ಕೆಲಸಕ್ಕೆ ಬಾ," ಎಂದರು ಗಂಗಾಧರಪ್ಪ.

ಮಾರಯ್ಯ ಕದಲಲಿಲ್ಲ. "ನಿನ್ನೆ ನನ್ನ ಕಳ್ಳ ಅಂದಾಗ ಇಡೀ ಲೈನು ನಿಂತಿತ್ತು ಧಣಿ. ಇವತ್ತು ಇಲ್ಲಿರೋದು ಬೆರಳೆಣಿಕೆ ಜನ."

ಗಂಗಾಧರಪ್ಪ ತಾವೇ ಎದ್ದು ಹೋಗಿ ಎಸ್ಟೇಟಿನ ಗಂಟೆ ಬಾರಿಸಿದರು. ಕೆಲಸ ಬಿಡುವ ಹೊತ್ತಲ್ಲ. ಏನಾಯಿತೋ ಎಂದು ಗಾಬರಿಯಿಂದ ಆಳುಗಳೆಲ್ಲ ಬುಟ್ಟಿ ಸಮೇತ ಓಡಿಬಂದು ಕಣದ ಸುತ್ತ ತುಂಬಿಕೊಂಡರು.

"ಮಾರಯ್ಯ ಕದ್ದಿಲ್ಲ," ಎಂದರು ಧಣಿ, ಹಿಂದಿನವರಿಗೂ ಕೇಳುವ ಹಾಗೆ. "ನಾನು ಸುಳ್ಳು ಅಪವಾದ ಹೊರಿಸಿದೆ. ತಪ್ಪು ನಂದು."

ಮಾರಯ್ಯ ಅಷ್ಟು ಜನರ ನಡುವೆ ಕಣದಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಳ್ಳದೆ ಅತ್ತ.