ಕಂದನಿಗಿಟ್ಟ ಮುತ್ತು

ಆರು ತಿಂಗಳ ಮೇಲೆ ಗಂಡನನ್ನು ಎದುರಿಗೆ ಕಂಡಾಗ ಗೌರಮ್ಮನ ಎದೆ ಹೊಡೆದುಕೊಳ್ಳಲಿಲ್ಲ. ಸಿಟ್ಟೂ ಬರಲಿಲ್ಲ.

ಯಶವಂತಪುರದ ಪ್ರಯೋಗಾಲಯದ ಹೊರಗೆ, ಬೆಂಚಿನ ತುದಿಯಲ್ಲಿ ಕೂತಿದ್ದ ಮುರಿಗೆಪ್ಪ ಅವಳನ್ನು ನೋಡಿ ಎದ್ದು ನಿಂತ. ತುಂಬಾ ಬಡವಾಗಿದ್ದ.

"ಆರಾಮ ಅದಿ?"

"ಊಂ."

ಅಷ್ಟೇ! ಮೂರನೆಯವರು ಕೂರುವಷ್ಟು ಜಾಗ ಬಿಟ್ಟು ಅವಳು ಕೂತಳು.

ಮುರಿಗೆಪ್ಪ ಬಾಗಲಕೋಟೆ ಕಡೆಯವನು. ಕಾರ್ಖಾನೆ ಕೆಲಸಕ್ಕೆಂದು ಬಂದು, ಮಾಕಳಿಯಲ್ಲಿ ಅವಳ ಅಪ್ಪ ಪಿಳ್ಳಪ್ಪನ ಹಿತ್ತಲ ಕೋಣೆಗೆ ಬಾಡಿಗೆಗೆ ಸೇರಿದ್ದ. ಅವನ ಮಾತು ಕೇಳಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಗೌರಮ್ಮ, ಕೊನೆಗೆ ಜಾತಿ ಬೇರೆ ಎಂದು ಮನೆಯವರು ಕೂಗಾಡಿದರೂ ಕೇಳದೆ ಅವನನ್ನೇ ಮದುವೆಯಾದಳು. ಗೊರಗುಂಟೆಪಾಳ್ಯದಲ್ಲಿ ಒಂದು ಪುಟ್ಟ ಮನೆ ಮಾಡಿದರು.

ಎಂಬತ್ತಾರರ ಚಳಿಗಾಲದಲ್ಲಿ ಮಗ ಹುಟ್ಟಿದ. ಹೆಸರಿಡುವ ಮೊದಲೇ ಕೂಸಿನ ಮೈಮೇಲೆ ಸಣ್ಣ ಸಣ್ಣ ಗುಳ್ಳೆ... ಜ್ವರ... ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

"ದೊಡ್ಡವರ ತುಟಿ ಮೇಲೆ ಏಳುತ್ತಲ್ಲ, ಜ್ವರದ ಗುಳ್ಳೆ, ಅದೇ ವೈರಸ್ಸು. ನಮಗೆ ಏನೂ ಮಾಡಲ್ಲ. ಇಷ್ಟು ಎಳೇ ಕೂಸು ತಡ್ಕೊಳ್ಳಲ್ಲ. ಮುತ್ತಿಟ್ಟಾಗ ಬಂದಿರಬಹುದು," ಎಂದಿದ್ದರು ಅಲ್ಲಿಯ ವೈದ್ಯರು.

ಆಗ ಗೌರಮ್ಮನ ಕೆಳತುಟಿಯ ಮೇಲೆ ಒಂದು ಗುಳ್ಳೆಯಿತ್ತು.

ಎಲ್ಲರೂ ಅವಳ ತುಟಿಯನ್ನೇ ನೋಡಿದರು. ಮುರಿಗೆಪ್ಪನೂ ನೋಡಿದ. ನೋಡಿ, ಮುಖ ತಿರುಗಿಸಿದ!

ಅವತ್ತೇ ಅವಳೊಳಗೆ ಏನೋ ಮರಗಟ್ಟಿತು. ಅಪ್ಪ ಬಂದು ಕರೆದಾಗ ಮಾಕಳಿಗೆ ಹೋದಳು. ಗಂಡ ಕರೆಯಲು ಬರಲಿಲ್ಲ. ಅವಳು ಅಳಲೂ ಇಲ್ಲ.

ಈಗ ಇಬ್ಬರನ್ನೂ ಕರೆಸಿದವರು ಡಾಕ್ಟರ್ ಫಖ್ರುನ್ನೀಸಾ. ಆಸ್ಪತ್ರೆಯಲ್ಲಿ ಕೂಸಿನ ಗುಳ್ಳೆಯಿಂದಲೂ ತಂದೆತಾಯಿಯ ಬಾಯಿಂದಲೂ ಹತ್ತಿಯಲ್ಲಿ ಒರೆಸಿ ಒಯ್ದಿದ್ದವರು ಅವರೇ.

"ಇದು ಹೆಚ್ಚು ಕಡಿಮೆ ಎಲ್ಲರಲ್ಲೂ ಇರೋ ವೈರಸ್ಸಮ್ಮ," ಎಂದರು ಇಬ್ಬರನ್ನೂ ಒಳಗೆ ಕೂರಿಸಿ, ಮೆಲ್ಲಗೆ. "ಆದ್ರೆ ಊರೂರಿಗೆ ಒಂಚೂರು ಬೇರೆ, ನಮ್ಮ ಮಾತಿನ ಥರ. ಬೆಂಗಳೂರು ಸುತ್ತಿನ ಹಳ್ಳಿಯೋರಲ್ಲಿ ಯಾವ ಬಗೆ, ಉತ್ತರದ ಕಡೆಯಿಂದ ಬಂದೋರಲ್ಲಿ ಯಾವ ಬಗೆ ಅಂತ ನಾನು ನೋಡ್ತಿದೀನಿ. ನಿಮ್ಮ ಮೂವರದ್ದೂ ಗೊತ್ತಾಗಿದೆ. ಬೇಕು ಅಂದ್ರೆ ಮಾತ್ರ ಹೇಳ್ತೀನಿ."

"ಬ್ಯಾಡ್ರಿ!" ಎಂದ ಮುರಿಗೆಪ್ಪ ತಟ್ಟನೆ. "ಆಗಿದ್ದು ಆತು."

*ನಾನೇ ಅಂತ ಇವರಿಗೆ ಆಗಲೇ ಗೊತ್ತು. ಅದಕ್ಕೇ ಬೇಡ ಅಂತಾರೆ...*

"ಯೋಳಿ ಡಾಕ್ಟ್ರೇ," ಎಂದಳು ಗೌರಮ್ಮ. "ನಂಗೆ ಕೇಳ್ಬೇಕು."

"ನಿಮ್ಮದು ಈ ಕಡೆಯ ಬಗೆ. ಕೂಸಿಂದು ಅದಲ್ಲ." ಡಾಕ್ಟರು ಮುರಿಗೆಪ್ಪನ ಕಡೆ ನೋಡಿದರು. "ಕೂಸಿಂದೂ ನಿಮ್ಮ ಯಜಮಾನ್ರದೂ ಒಂದೇ. ಆ ಕಡೆಯೋರಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು."

"ನನ್ನ ತುಟಿ ಮ್ಯಾಲ ಏನೂ ಇದ್ದಿದ್ದಿಲ್ರಿ..."

"ಗುಳ್ಳೆ ಏಳದಿದ್ರೂ ಎಂಜಲಲ್ಲಿ ಇರುತ್ತಪ್ಪ. ನಿಮಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಇದು ಯಾರ ತಪ್ಪೂ ಅಲ್ಲ."

ಹಗುರಾಗಬೇಕಿತ್ತು ಗೌರಮ್ಮನಿಗೆ. ಆಗಲಿಲ್ಲ. ಪಕ್ಕದಲ್ಲಿ ಮುರಿಗೆಪ್ಪ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ತೆಗೆಯಲೇ ಇಲ್ಲ.

ಇಬ್ಬರೂ ಗೊರಗುಂಟೆಪಾಳ್ಯದ ತನಕ ನಡೆದರು. ತುಮಕೂರು ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಬಸ್ ನಿಲ್ದಾಣದಲ್ಲಿ ಅವನೇ ಬಾಯಿಬಿಟ್ಟ.

"ಎರಡು ಸಲ ಮಾಕಳಿ ಬಸ್ ಹತ್ತಿದ್ದೆ ಗೌರಿ. ನಡುವ ಇಳದು ವಾಪಸ್ ಬಂದೆ."

"ಯಾಕೆ?"

"ನಿನ್ನ ತಪ್ಪಲ್ಲ ಅಂತ ಹೇಳಾಕ ಹೊಂಟಿದ್ದೆ. ಆದ್ರ ನನ್ನ ಮನಸ್ಸಿನ್ಯಾಗ ಸಿಟ್ಟಿತ್ತು. ಸುಳ್ಳು ಹೇಳಾಕ ಬಾಯಿ ಬರಲಿಲ್ಲ." ಅವನ ದನಿ ಒಡೆಯಿತು. "ಇವತ್ತ ನೋಡು... ನಾನ! ದಿನಾ ಕೆಲಸದಿಂದ ಬಂದು ಅವನ ಹಣಿಗೆ, ಕೈಗೆ... ನೀ ಹೋಗು ಗೌರಿ. ನನ್ನ ಮುಖ ನೋಡಬ್ಯಾಡ."

ಗೌರಮ್ಮ ಅವನನ್ನೇ ನೋಡಿದಳು. ಆರು ತಿಂಗಳು ತಾನಿದ್ದ ಕತ್ತಲಿಗೆ ಅವನು ಈಗ ತಾನೇ ಇಳಿಯುತ್ತಿದ್ದ. ಅಲ್ಲಿ ಒಂಟಿಯಾಗಿ ಕೂರುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

"ಮಗೀಗೆ ಮುತ್ತು ಕೊಡ್ದಿರೋ ಅಪ್ಪ ಇರ್ತಾನೇನ್ರೀ?"

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ನಿಮ್ ತಪ್ಪಲ್ಲ. ನಂಗೆ ಸಿಟ್ಟೂ ಇಲ್ಲ. ಸುಳ್ಳೇಳ್ತಿಲ್ಲ ಕಣ್ರೀ."

ಆಗ ಅವನು ರಸ್ತೆಯಲ್ಲೇ, ಜನರೆದುರೇ ಅತ್ತುಬಿಟ್ಟ! ಅವಳ ಕಣ್ಣು ಒಣಗಿಯೇ ಇತ್ತು. ಸೆರಗಿನ ತುದಿಯಿಂದ ಅವನ ಮುಖ ಒರೆಸಿದಳು.

"ಮಾಕಳಿ, ನೆಲಮಂಗ್ಲ!" ಕಂಡಕ್ಟರ್ ಕೂಗಿದ. ಬಸ್ಸು ನಿಂತಿತು. ಹೊರಟೂ ಹೋಯಿತು.

"ಬಸ್ ಹೋತಲ್ಲ..."

"ಓಗ್ಲಿ ಬಿಡಿ." ಅವಳು ಅವನ ತೋಳು ಹಿಡಿದಳು. "ನಂಗಿನ್ನೂ ಒಳಗೆ ಏನೂ ಅನ್ನಿಸ್ತಿಲ್ಲ ಕಣ್ರೀ. ಅಳೂನೂ ಬರ್ತಿಲ್ಲ. ಇಂಗೇ ಮನೆಗೆ ಬಂದ್ರೆ... ಆದೀತಾ?"

"ಹೆಂಗರ ಬಾ," ಎಂದ ಮುರಿಗೆಪ್ಪ. "ಅಳು ಬಂದಾಗ ನಾ ಬಾಜೂಕ ಇರತೀನಿ."