ಎಂಬತ್ತರಲ್ಲಿ ನಿಲ್ಲದ ಪಾದರಸ

ಪ್ರಯೋಗಾಲಯದ ಉಗ್ರಾಣದಲ್ಲಿ ಆ್ಯಸಿಡ್ ಬಾಟಲಿ ಇರಲಿಲ್ಲ!

ವಿಜ್ಞಾನದ ಟೀಚರು ಕಪಾಟನ್ನು ಮತ್ತೊಮ್ಮೆ ತಡಕಿದರು. ಗುಪ್ತೋಷ್ಣದ ಪಾಠ ಶುರುವಾಗುವ ಮುನ್ನ ಅವರೇ ಕಣ್ಣಾರೆ ಕಂಡಿದ್ದ ಬಾಟಲಿ ಅದು. ಯಾರ ಮುಖ ಸುಡಲು ಹೊರಟಿದೆಯೋ!

"ನೀವೆಲ್ಲಿದ್ರಿ?"

"ಬಾಗಿಲಲ್ಲೇ ಇದ್ದೆ ಮೇಡಂ," ಅಟೆಂಡರ್ ತೊದಲಿದ. "ಹೊರಗಿಂದ ಒಂದು ನೊಣಾನೂ ಬಂದಿಲ್ಲ."

ಅಂದರೆ ಒಳಗಿನವರೇ. ಬ್ಯಾಗುಗಳನ್ನು ಜಾಲಾಡಿದ್ದಾಯಿತು—ಇಲ್ಲ. ಉಗ್ರಾಣದ ಪಕ್ಕದ ಮೇಜುಗಳಲ್ಲಿದ್ದವರು ಮೂವರು: ಕನ್ನಡಕದ ಹುಡುಗ, ಒಬ್ಬ ಮಾತಿನಮಲ್ಲಿ, ಮತ್ತು ಟೀಚರ ಸ್ವಂತ ಮಗಳು. ಕರಗಿಸಿದ ನುಸಿಗುಳಿಗೆ ಆರಿ ಗಟ್ಟಿಯಾಗುವಾಗ ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳುವುದು ಅವರ ಕೆಲಸ. ಅಷ್ಟು ಹೊತ್ತೂ ಟೀಚರು ಬೆನ್ನು ಹಾಕಿ ಬೋರ್ಡಿನಲ್ಲಿ ನಕ್ಷೆ ಬಿಡಿಸುತ್ತಿದ್ದರು. ಬುದ್ಧಿ ಎಲ್ಲಿಟ್ಟಿದ್ದರೋ!

"ಮೇಜು ಬಿಟ್ಟು ಎದ್ದವರು ಯಾರು?"

"ನಾನಲ್ಲ ಮಿಸ್," ಎಂದ ಕನ್ನಡಕದವನು.

"ನಾನು ಕಣ್ಣು ಕೂಡ ಮಿಟುಕಿಸಿಲ್ಲ ಮಿಸ್! ಆ ಪಾದರಸ ಎಂಬತ್ತಕ್ಕೆ ಬಂದು ಕೂತುಬಿಡ್ತು, ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ," ಎಂದಳು ಮಾತಿನಮಲ್ಲಿ.

"ನಾನೂ ಎದ್ದಿಲ್ಲ," ಎಂದಳು ಮಗಳು.

ಕೊನೆಯ ಗಂಟೆಗೆ ಹತ್ತೇ ನಿಮಿಷ. ಆಮೇಲೆ ಎಲ್ಲರೂ ಬೀದಿಗೆ—ಬಾಟಲಿಯೂ ಅವರ ಜೊತೆಗೆ! ಟೀಚರು ಮೂವರ ಪುಸ್ತಕವನ್ನೂ ತರಿಸಿ ನೋಡಿದರು. ಮೂರನೆಯದು, ಮಗಳದ್ದು, ಕೈಗೆ ಬಂದಾಗ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದರು. ಉಳಿದವರನ್ನೆಲ್ಲ ಹೊರಗೆ ಕಳಿಸಿದರು.

"ಇದನ್ನ ನೀನು ನೋಡಿ ಬರ್ದಿಲ್ಲ."

"ನೋಡೇ ಬರ್ದಿದ್ದು..."

"ಸುಳ್ಳು! ಅವರಿಬ್ಬರದ್ದೂ ಐದು ನಿಮಿಷ ಎಂಬತ್ತರಲ್ಲೇ ನಿಂತಿದೆ. ದ್ರವ ಗಟ್ಟಿಯಾಗ್ತಾ ಒಳಗಿನ ಶಾಖ ಬಿಟ್ಟುಕೊಡುತ್ತೆ. ಪೂರ್ತಿ ಗಟ್ಟಿಯಾಗೋ ತನಕ ಪಾದರಸ ಇಳಿಯಲ್ಲ. ನಿನ್ನದು? ಎಂಬತ್ತೆರಡು, ಎಂಬತ್ತು, ಎಪ್ಪತ್ತೆಂಟು—ಮೆಟ್ಟಿಲಿಳಿದ ಹಾಗೆ ಸರಾಗ, ಎಲ್ಲೂ ನಿಂತೇ ಇಲ್ಲ. ನೀನು ಆಗ ಮೇಜಿನ ಹತ್ರ ಇರಲಿಲ್ಲ. ಬಾಟಲಿ ತೆಗೆದವಳು ನೀನೇ. ಎಲ್ಲಿದೆ?"

"ಉಗ್ರಾಣದ ಕಿಟಕಿ ಆಚೆ. ಹೂಕುಂಡದ ಹಿಂದೆ."

"ಯಾರ ಮೇಲೆ ಎರಚೋಕೆ?"

"ಎರಚೋಕಲ್ಲ ಅಮ್ಮಾ, ತೋರಿಸಿ ಹೆದರಿಸೋಕೆ. ಒಬ್ಬ ದಿನಾ ಬಸ್ ಸ್ಟಾಪಿಂದ ಹಿಂದೆ ಬರ್ತಾನೆ. ನಿನ್ನೆ ನಮ್ಮ ಗೇಟಿನ ತನಕ ಬಂದಿದ್ದ."

"ಎಷ್ಟು ದಿನದಿಂದ?"

"ಎರಡು ತಿಂಗಳು. ಹೇಳೋಣ ಅಂತ ಬಂದಾಗೆಲ್ಲ ನೀನು ಪೇಪರ್ ತಿದ್ತಾ ಇರ್ತಿದ್ದೆ."

ಕಳ್ಳಿ ಸಿಕ್ಕಿದ್ದಳು, ಆದರೆ ಟೀಚರ ಭಯ ಕಡಿಮೆಯಾಗುವ ಬದಲು ಇಮ್ಮಡಿಯಾಗಿತ್ತು. ಬಾಟಲಿಯನ್ನು ತಂದು ಕಪಾಟಿನಲ್ಲಿಟ್ಟು ಬೀಗ ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಮಗಳ ಕೈ ಭದ್ರವಾಗಿ ಹಿಡಿದುಕೊಂಡರು.

"ನಡಿ. ಅವನ ಮುಖ ನಾನೂ ನೋಡ್ಬೇಕು."